ಕಾಕಟೂ ದ್ವೀಪ: ಸೆರೆಮನೆಯಿಂದ ಕಲಾಂಗಣದವರೆಗೆ

ಆಸ್ಟ್ರೇಲಿಯಾದ ಸಿಡ್ನಿ ಬಂದರಿನೊಳಗಿರುವ ದ್ವೀಪಗಳಲ್ಲಿ ಅತ್ಯಂತ ದೊಡ್ಡದು ಕಾಕಟೂ ದ್ವೀಪ. ಪ್ಯಾರಮಾಟ ಮತ್ತು ಲೇನ್ ಕೋವ್ ನದಿಗಳು ಕೂಡುವೆಡೆಯಲ್ಲಿ, ನಗರದ ಜನನಿಬಿಡ ಭಾಗದಿಂದ ಅಲ್ಪ ದೂರದ ದೋಣಿ ಪಯಣದಲ್ಲಿ ಇದು ಸಿಗುತ್ತದೆ. ಮರಳುಗಲ್ಲಿನ ಈ ನಡುಗಡ್ಡೆಯ ಮೂಲ ವಿಸ್ತೀರ್ಣ ಸುಮಾರು 13 ಹೆಕ್ಟೇರ್. ಇಂದು ಅಳೆದರೆ ಸುಮಾರು 18 ಹೆಕ್ಟೇರ್ ಇದೆ. ಹೆಚ್ಚುವರಿ ನೆಲವೆಲ್ಲ ಮನುಷ್ಯರು ಸಮುದ್ರವನ್ನು ತುಂಬಿ ಮಾಡಿಕೊಂಡದ್ದು. ನಡುವೆ ಎತ್ತರದ ಕಲ್ಲುಗುಡ್ಡ, ಸುತ್ತ ಸಮತಟ್ಟಾದ ಅಂಚು, ಆ ಅಂಚಿನಲ್ಲಿ ತುಕ್ಕು ಹಿಡಿದ ಕ್ರೇನುಗಳು, ಗುಡ್ಡದ ನೆತ್ತಿಯಲ್ಲಿ ಹಳೆಯ ಸೆರೆಮನೆ: ಮೊದಲ ನೋಟಕ್ಕೆ ಕಾಣುವ ದ್ವೀಪ ಇಷ್ಟೆ.

ಕೈದಿಗಳ ಬಂದೀಖಾನೆ, ಅನಾಥ ಬಾಲಕಿಯರ ಶಾಲೆ, ನೌಕಾಪಡೆಯ ಹಡಗುಕಟ್ಟೆ, ಪಾಳುಬಿದ್ದ ಕಾರ್ಖಾನೆ ಎಂಬ ಹಲವು ಅವತಾರಗಳನ್ನು ಕಳೆದ ಈ ಸ್ಥಳ 2007ರಿಂದ ಸಾರ್ವಜನಿಕರಿಗೆ ತೆರೆದಿದೆ. 2010ರಲ್ಲಿ ಯುನೆಸ್ಕೋ ಸಂಸ್ಥೆಯು ಆಸ್ಟ್ರೇಲಿಯಾದ 11 ಕೈದಿ ನೆಲೆಗಳನ್ನು ಒಂದಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಕಟೂ ಅವುಗಳಲ್ಲೊಂದು. ದ್ವೀಪವನ್ನು ನೋಡಿಕೊಳ್ಳುವ ಸಿಡ್ನಿ ಹಾರ್ಬರ್ ಫೆಡರೇಷನ್ ಟ್ರಸ್ಟ್ ಈಗ ಇಂಗ್ಲಿಷ್ ಹೆಸರಿನ ಜೊತೆಗೆ ‘ವರೀಮಾ’ ಎಂಬ ಮೂಲನಿವಾಸಿಗಳ ಹೆಸರನ್ನೂ ಬರೆಯುತ್ತದೆ. ಎರಡು ಹೆಸರುಗಳ ನಡುವಿನ ಆ ಗೀಟು ಚಿಕ್ಕದಾದರೂ ಅದರ ಹಿಂದೆ ದೊಡ್ಡ ಪ್ರಶ್ನೆಯಿದೆ. ಇಷ್ಟು ಜನ ಇಷ್ಟು ರೀತಿಯಲ್ಲಿ ಬಳಸಿದ ಸ್ಥಳವನ್ನು ಜೀರ್ಣೋದ್ಧಾರ ಮಾಡುವಾಗ ಯಾರ ಕಾಲವನ್ನು ಉಳಿಸಬೇಕು, ಯಾರದನ್ನು ಅಳಿಸಬೇಕು?

ಕಲ್ಲಿನೊಳಗಿನ ಹಗೇವುಗಳು

1839ರಲ್ಲಿ ನಾರ್ಫೋಕ್ ದ್ವೀಪದಿಂದ 60 ಮಂದಿ ಕೈದಿಗಳನ್ನು ತಂದು ಇಲ್ಲಿ ಇಳಿಸಲಾಯಿತು. ಬ್ರಿಟನ್ನಿನಿಂದ ಗಡೀಪಾರಾಗಿ ಬಂದು, ವಸಾಹತಿನಲ್ಲಿ ಮತ್ತೆ ಅಪರಾಧ ಮಾಡಿ ಎರಡನೆಯ ಸಲ ಶಿಕ್ಷೆಗೊಳಗಾದವರಿಗೆ ಮೀಸಲಾದ ಜಾಗವಿದು. ನಮ್ಮ ಹಿರಿಯರು ಅಂಡಮಾನಿನ ಬಗ್ಗೆ ‘ಕರಿನೀರು’ ಎಂದು ಹೇಳುತ್ತಿದ್ದ ಶಿಕ್ಷೆಯ ಇನ್ನೊಂದು ರೂಪ. ತಮ್ಮ ಸೆರೆಮನೆಯನ್ನು ಕೈದಿಗಳೇ ಕಟ್ಟಿಕೊಳ್ಳಬೇಕಾಯಿತು. ಅದಕ್ಕೆ ಬೇಕಾದ ಕಲ್ಲನ್ನು ಅದೇ ಗುಡ್ಡದಿಂದ ಕಡಿದರು. ಇಲ್ಲಿಂದ ಸಾಗಿಸಿದ ಕಲ್ಲು ಸಿಡ್ನಿ ನಗರದ ಸರ್ಕ್ಯುಲರ್ ಕೀ ದಡದ ಗೋಡೆಗೂ ಬಳಕೆಯಾಯಿತು.

ಅದೇ ವರ್ಷ ಗವರ್ನರ್ ಜಾರ್ಜ್ ಗಿಪ್ಸ್ ಇನ್ನೊಂದು ಕೆಲಸವನ್ನು ಹಚ್ಚಿದ. ಬರಗಾಲದಿಂದ ವಸಾಹತಿನಲ್ಲಿ ಧಾನ್ಯದ ಅಭಾವ ತಲೆದೋರಿತ್ತು. ಕೈದಿಗಳು ಗುಡ್ಡದ ಬಂಡೆಯೊಳಗೆ ಸೀಸೆಯಾಕಾರದ ಸುಮಾರು 20 ಗುಂಡಿಗಳನ್ನು ಕೈಯಿಂದಲೇ ಕೊರೆದರು. ಬಾಯಿ ಕಿರಿದು, ಹೊಟ್ಟೆ ಅಗಲ, ಆಳ ಸುಮಾರು 19 ಅಡಿ. ಬಯಲುಸೀಮೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೋಳ, ರಾಗಿಯನ್ನು ವರ್ಷಗಟ್ಟಲೆ ಕಾಪಿಡಲು ನಮ್ಮ ಹಳ್ಳಿಗಳಲ್ಲಿ ತೋಡುತ್ತಿದ್ದ ಹಗೇವುಗಳ ರಚನೆಯೂ ಇದೇ. ವ್ಯತ್ಯಾಸವೆಂದರೆ ನಮ್ಮಲ್ಲಿ ಮಣ್ಣನ್ನು ತೋಡಿದರು, ಅಲ್ಲಿ ಸಂಕೋಲೆ ತೊಟ್ಟವರು ಬಂಡೆಯನ್ನು ಕೆತ್ತಿದರು. ಬಾಯಿಯನ್ನು ಗಾಳಿಯಾಡದಂತೆ ಮುಚ್ಚಿದರೆ ಒಳಗಿನ ಹುಳುಗಳು ಉಸಿರುಗಟ್ಟಿ ಸಾಯುತ್ತವೆ, ಕಾಳು ಕೆಡುವುದಿಲ್ಲ ಎಂಬ ತತ್ವ ಎರಡಕ್ಕೂ ಒಂದೇ.

1841ರ ವೇಳೆಗೆ ಈ ಹಗೇವುಗಳಲ್ಲಿ 20,000 ಬುಷೆಲ್ ಧಾನ್ಯ ಸೇರಿತ್ತು. ಆದರೆ ಸರ್ಕಾರವೇ ಧಾನ್ಯ ಸಂಗ್ರಹಿಸಿದರೆ ಮುಕ್ತ ಮಾರುಕಟ್ಟೆಗೆ ಅಡ್ಡಿಯಾಗುತ್ತದೆಂದು ಲಂಡನ್ನಿನ ಅಧಿಕಾರಿಗಳು ಆಕ್ಷೇಪಿಸಿದರು. ಯೋಜನೆ ನಿಂತುಹೋಯಿತು. ಬರಗಾಲಕ್ಕೆಂದು ಬಂಡೆ ಕೊರೆದವರ ಬೆವರಿಗೆ ಈ ಅರ್ಥಶಾಸ್ತ್ರ ಏನು ಬೆಲೆ ಕಟ್ಟಿತೋ ದಾಖಲೆಗಳು ಹೇಳುವುದಿಲ್ಲ. ಮುಂದೆ ಗುಡ್ಡವನ್ನು ಇನ್ನಷ್ಟು ಕಡಿದಾಗ ಕೆಲವು ಹಗೇವುಗಳು ನಾಶವಾದವು. ಅರ್ಧಕ್ಕೆ ಸೀಳಿದ ಹಗೇವಿನ ಒಳಮೈ ಇಂದಿಗೂ ಬಂಡೆಯ ಮುಖದಲ್ಲಿ ಕಾಣುತ್ತದೆ. ಇಡೀ ದ್ವೀಪದ ಚರಿತ್ರೆಯನ್ನು ಒಂದೇ ನೋಟದಲ್ಲಿ ತೋರಿಸುವ ಗುರುತು ಇದೆಂದು ಈ ಲೇಖಕನ ಅಭಿಪ್ರಾಯ.

ಹಡಗುಗಳ ತಳಭಾಗವನ್ನು ದುರಸ್ತಿ ಮಾಡಲು ನೀರನ್ನು ಹೊರಹಾಕಿ ಒಣಗಿಸುವ ಕಟ್ಟೆಗೆ ಡ್ರೈ ಡಾಕ್ ಎನ್ನುತ್ತಾರೆ. ಎಂಜಿನಿಯರ್ ಗೋಥರ್ ಕೆರ್ ಮನ್ನನ ಹೆಸರು ಈ ದ್ವೀಪದೊಂದಿಗೆ ಬೆಸೆದುಕೊಂಡಿರುವುದು ಇಂಥದೊಂದು ಕಟ್ಟೆಯಿಂದಾಗಿ. ಅವನ ನಿರ್ದೇಶನದಲ್ಲಿ ಕೈದಿಗಳು 1847ರಿಂದ ದುಡಿದು 1857ರಲ್ಲಿ ಫಿಟ್ಜ್‌ರಾಯ್ ಡಾಕನ್ನು ಮುಗಿಸಿದರು. ಬಂಡೆಯನ್ನು ಸಿಡಿಸಿ, ಕಡಿದು, ಕಲ್ಲನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಆ ಕಟ್ಟೆ ಇಂದಿಗೂ ಇದೆ.

ಈ ಕೈದಿಗಳಲ್ಲಿ ಮೂಲನಿವಾಸಿಗಳೂ ಇದ್ದರು. ತಮ್ಮ ನೆಲಕ್ಕೆ ಬಂದ ವಲಸೆಗಾರರೊಂದಿಗೆ ಕಾದಾಡಿದ್ದಕ್ಕೆ ಅಪರಾಧಿಗಳೆನಿಸಿ ಇಲ್ಲಿಗೆ ಬಂದವರಲ್ಲಿ ಹಲವರು ಸೆರೆಯಲ್ಲಿಯೇ ಸತ್ತರು. ಜನಪ್ರಿಯ ಕಥನಗಳಲ್ಲಿ ಅವರಿಗಿಂತ ಹೆಚ್ಚು ಸ್ಥಳ ದೊರೆತಿರುವುದು ‘ಕ್ಯಾಪ್ಟನ್ ಥಂಡರ್‌ಬೋಲ್ಟ್’ ಎಂಬ ದರೋಡೆಕೋರ ಫ್ರೆಡರಿಕ್ ವಾರ್ಡನಿಗೆ. 1863ರ ಸೆಪ್ಟೆಂಬರಿನಲ್ಲಿ ಅವನು ಸಂಗಡಿಗನೊಬ್ಬನೊಂದಿಗೆ ನೀರಿಗೆ ಧುಮುಕಿ ಪಾರಾದ. ಅವನ ಹೆಂಡತಿ ಮೇರಿ ಆನ್ ಬಗ್ ಈಜಿ ಬಂದು ಅರ ಕೊಟ್ಟಳೆಂಬ ದಂತಕಥೆಯನ್ನು ಇತಿಹಾಸಕಾರರು ಒಪ್ಪುವುದಿಲ್ಲವಾದರೂ ಪ್ರವಾಸಿಗರು ಬಿಡುವುದಿಲ್ಲ.

ಹೆಸರು ಬದಲಾಯಿತು, ಗೋಡೆ ಬದಲಾಗಲಿಲ್ಲ

1869ರಲ್ಲಿ ಕೈದಿಗಳನ್ನು ಡಾರ್ಲಿಂಗ್‌ಹರ್ಸ್ಟ್ ಸೆರೆಮನೆಗೆ ಸಾಗಿಸಲಾಯಿತು. ಎರಡು ವರ್ಷಗಳ ನಂತರ ಖಾಲಿ ಬಂದೀಖಾನೆಯ ಕಟ್ಟಡಗಳಿಗೆ ಬಾಲಕಿಯರ ಕೈಗಾರಿಕಾ ಶಾಲೆಯೂ ಸುಧಾರಣಾಲಯವೂ ಬಂದವು. ಸೆರೆಮನೆಯ ಕಳಂಕ ತೊಡೆಯಲೆಂದು ದ್ವೀಪಕ್ಕೆ ‘ಬಿಲೊಯೆಲಾ’ ಎಂದು ಹೊಸ ಹೆಸರಿಟ್ಟರು. ಅದೂ ಕಾಕಟೂ ಹಕ್ಕಿಯನ್ನೇ ಸೂಚಿಸುವ ಮೂಲನಿವಾಸಿ ಪದ. ಹೆತ್ತವರಿಲ್ಲದ, ಬೀದಿಯಲ್ಲಿ ಅಲೆದಾಡುತ್ತಿದ್ದ ಹುಡುಗಿಯರನ್ನು ಕೈದಿಗಳು ಮಲಗಿದ್ದ ಕೋಣೆಗಳಲ್ಲಿಯೇ ಮಲಗಿಸಲಾಯಿತು. ಸಾರ್ವಜನಿಕ ದತ್ತಿ ಸಂಸ್ಥೆಗಳ ಬಗ್ಗೆ ವಿಚಾರಣೆ ನಡೆಸಿದ ರಾಯಲ್ ಕಮಿಷನ್ 1870ರ ದಶಕದ ಮೊದಲರ್ಧದಲ್ಲಿ ಇಲ್ಲಿಗೆ ಬಂದಾಗ ಮಕ್ಕಳ ಮೇಲಿನ ದೌರ್ಜನ್ಯ ಬೆಳಕಿಗೆ ಬಂತು. ಹಾಗಿದ್ದೂ ಶಾಲೆ 1880ರ ದಶಕದ ಕೊನೆಯವರೆಗೆ ಮುಂದುವರಿಯಿತು. ಬಾಲಕರಿಗಾಗಿ ‘ವರ್ನನ್’, ಆಮೇಲೆ ‘ಸೊಬ್ರಾನ್’ ಎಂಬ ಹಡಗುಗಳು ದ್ವೀಪದ ಬಳಿ ಲಂಗರು ಹಾಕಿ ತರಬೇತಿ ಶಾಲೆಗಳಾಗಿ ನಿಂತಿದ್ದವು.

1888ರಿಂದ 1908ರವರೆಗೆ ಕಟ್ಟಡಗಳು ಮತ್ತೆ ಸೆರೆಮನೆಯಾದವು. ಗುಡ್ಡದ ಕೆಳಗೆ ಅದೇ ವೇಳೆಗೆ ಹಡಗುಗಳ ಕೆಲಸ ಭರದಿಂದ ಬೆಳೆಯುತ್ತಿತ್ತು. 1882ರಲ್ಲಿ ಆರಂಭಿಸಿ 1890ರಲ್ಲಿ ಮುಗಿಸಿದ ಸದರ್ಲೆಂಡ್ ಡಾಕ್ ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಡ್ರೈ ಡಾಕ್‌ಗಳ ಸಾಲಿಗೆ ಸೇರಿತ್ತು. ಮೇಲೆ ಬಂದಿಗಳು, ಕೆಳಗೆ ಕಮ್ಮಾರರು ಎಂಬ ಈ ವಿಭಾಗ ದ್ವೀಪದ ಭೂಪಟದಲ್ಲಿ ಇಂದೂ ಸ್ಪಷ್ಟವಾಗಿದೆ.

ಯುದ್ಧಕಾಲದ ದುಡಿಮೆ

1913ರಲ್ಲಿ ಹಡಗುಕಟ್ಟೆಯನ್ನು ಒಕ್ಕೂಟ ಸರ್ಕಾರ ತನ್ನ ವಶಕ್ಕೆ ಪಡೆಯಿತು. ಹೊಸದಾಗಿ ರೂಪುಗೊಂಡ ಆಸ್ಟ್ರೇಲಿಯಾ ನೌಕಾಪಡೆಗೆ ಇದು ಮುಖ್ಯ ಕಾರ್ಯಾಗಾರವಾಯಿತು. ಮೊದಲ ಮಹಾಯುದ್ಧದ ಕೊನೆಯ ವೇಳೆಗೆ ಸುಮಾರು 4,000 ಮಂದಿ ಇಲ್ಲಿ ದುಡಿಯುತ್ತಿದ್ದರು. ‘ಬ್ರಿಸ್ಬೇನ್’ ಯುದ್ಧನೌಕೆ, ನಂತರ ಸಮುದ್ರ ವಿಮಾನಗಳನ್ನು ಹೊತ್ತೊಯ್ಯುವ ‘ಆಲ್ಬಟ್ರಾಸ್’ ಇಲ್ಲಿ ನಿರ್ಮಾಣಗೊಂಡವು. ಒಂದು ಬದಿಯಿಂದ ಇನ್ನೊಂದು ಬದಿಗೆ ಜನ ಮತ್ತು ಸಾಮಗ್ರಿ ಸಾಗಲು ಗುಡ್ಡದ ಅಡಿಯಲ್ಲಿ 1915ರಲ್ಲಿ ಸುರಂಗ ಕೊರೆದರು. ಎರಡನೆಯ ಯುದ್ಧದಲ್ಲಿ ಅದೇ ಸುರಂಗ ವಾಯುದಾಳಿಯಿಂದ ರಕ್ಷಣೆ ಪಡೆಯುವ ತಾಣವಾಯಿತು.

1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ವಶವಾದ ಮೇಲೆ ನೈಋತ್ಯ ಪೆಸಿಫಿಕ್‌ನಲ್ಲಿ ಮಿತ್ರರಾಷ್ಟ್ರಗಳ ಹಡಗು ದುರಸ್ತಿಯ ಭಾರ ಬಹುಪಾಲು ಈ ದ್ವೀಪದ ಮೇಲೆ ಬಿತ್ತು. ಆ ವರ್ಷದ ಕೊನೆಗೆ ಬಂದ ಅಮೆರಿಕದ ‘ನ್ಯೂ ಆರ್ಲಿಯನ್ಸ್’ ನೌಕೆಯ ಕಥೆ ಎಂಥವರನ್ನೂ ಬೆರಗುಗೊಳಿಸುತ್ತದೆ. ಸೊಲೊಮನ್ ದ್ವೀಪಗಳ ಬಳಿ ಟಾರ್ಪೆಡೊ ತಗುಲಿ ಅದರ ಮೂತಿಯೇ ಹರಿದುಹೋಗಿತ್ತು. ನಾವಿಕರು ತೆಂಗಿನ ಮರದ ದಿಮ್ಮಿಗಳಿಂದ ತಾತ್ಕಾಲಿಕ ಮೂತಿ ಕಟ್ಟಿ, ಹಡಗನ್ನು ಹಿಮ್ಮುಖವಾಗಿ ನಡೆಸುತ್ತ ಸಿಡ್ನಿ ತಲುಪಿದರು. ಕಾಕಟೂ ಕಾರ್ಮಿಕರು ಅದಕ್ಕೆ ಉಕ್ಕಿನ ಮೊಂಡು ಮೂತಿ ಜೋಡಿಸಿ, ಹಾಳಾದ ಪ್ರೊಪೆಲರ್ ಬದಲಿಸಿ, ಪೂರ್ಣ ದುರಸ್ತಿಗೆ ತಾಯ್ನಾಡಿಗೆ ಮರಳುವಷ್ಟು ತ್ರಾಣ ಕೊಟ್ಟರು.

ಯುದ್ಧಾನಂತರ ಹಡಗು ನಿರ್ಮಾಣ ಮತ್ತು ಒಬೆರಾನ್ ವರ್ಗದ ಜಲಾಂತರ್ನೌಕೆಗಳ ಮರುಜೋಡಣೆ ಮುಖ್ಯ ಕೆಲಸವಾದವು. 1984ರಲ್ಲಿ ನೀರಿಗಿಳಿದ ‘ಸಕ್ಸೆಸ್’ ಇಲ್ಲಿ ಕಟ್ಟಿದ ಕೊನೆಯ ದೊಡ್ಡ ಹಡಗು. ಅದು 2019ರವರೆಗೆ ನೌಕಾಪಡೆಯ ಸೇವೆಯಲ್ಲಿತ್ತು.

ಮುಚ್ಚಿದ ಕಟ್ಟೆ

ಗುತ್ತಿಗೆಯನ್ನು ನವೀಕರಿಸದೆ ದ್ವೀಪವನ್ನು ಮಾರುವ ಇಂಗಿತವನ್ನು ಸರ್ಕಾರ 1987ರಲ್ಲಿ ಪ್ರಕಟಿಸಿತು. 1989ರಲ್ಲಿ ಕಾರ್ಮಿಕರು ದ್ವೀಪದಲ್ಲಿಯೇ ಬೀಡುಬಿಟ್ಟು 14 ವಾರಗಳ ಮುಷ್ಕರ ಹೂಡಿದರು. ಮುಚ್ಚುವುದನ್ನು ತಡೆಯಲಾಗಲಿಲ್ಲ. 1991-92ರಲ್ಲಿ ಕೆಲಸ ನಿಂತಿತು. ಯಂತ್ರಗಳು ಹರಾಜಾದವು. ಸುಮಾರು 40 ಕಟ್ಟಡಗಳನ್ನೂ ಹಲವು ಧಕ್ಕೆಗಳನ್ನೂ ಕೆಡವಲಾಯಿತು. ಇಂದು ಪ್ರವಾಸಿಗರು ಬಯಲೆಂದು ಭಾವಿಸಿ ಗಾಳಿ ಸೇವಿಸುವ ಅಂಚಿನ ಬಹುಭಾಗದಲ್ಲಿ ಆ ಕಟ್ಟಡಗಳಿದ್ದವು. ಪರಂಪರೆ ಎಂಬ ಮಾತು ಹತ್ತು ವರ್ಷ ಮೊದಲೇ ಕೇಳಿಬಂದಿದ್ದರೆ ಅವುಗಳಲ್ಲಿ ಎಷ್ಟೋ ಉಳಿಯುತ್ತಿದ್ದವು.

ನಂತರ ಸುಮಾರು ಒಂದು ದಶಕ ದ್ವೀಪ ಹುಲ್ಲು, ತುಕ್ಕು ಮತ್ತು ಕಡಲಕ್ಕಿಗಳ ಪಾಲಾಯಿತು. 2000ದ ನವೆಂಬರಿನಲ್ಲಿ ಇಸಬೆಲ್ ಕೋ ಅವರ ನೇತೃತ್ವದಲ್ಲಿ ಮೂಲನಿವಾಸಿಗಳ ಗುಂಪೊಂದು ಇಲ್ಲಿಗೆ ಬಂದು, ಈ ನೆಲವನ್ನು ತಮ್ಮ ಜನ ಯಾರಿಗೂ ಬಿಟ್ಟುಕೊಟ್ಟಿಲ್ಲವೆಂದು ಸಾರಿ ನೆಲೆನಿಂತಿತು. ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ಕೆಲವು ತಿಂಗಳ ಬಳಿಕ ಅವರು ತೆರವಾಗಬೇಕಾಯಿತು. ಅವರು ಬಿಡಿಸಿದ ಭಿತ್ತಿಚಿತ್ರಗಳು ಉಳಿದವು. ಕೈದಿಗಳ ಉಳಿಗುರುತುಗಳಂತೆಯೇ ಅವನ್ನೂ ದ್ವೀಪದ ಚರಿತ್ರೆಯ ಭಾಗವೆಂದು ಎಣಿಸಿದ್ದು ನಂತರದ ಆಡಳಿತದ ವಿವೇಕ.

ತುಕ್ಕನ್ನು ಉಳಿಸುವ ಕೆಲಸ

ಸೇನೆ ಬಿಟ್ಟುಕೊಟ್ಟ ಬಂದರು ಪ್ರದೇಶಗಳನ್ನು ಸಾರ್ವಜನಿಕರಿಗಾಗಿ ಉಳಿಸಲು ಒಕ್ಕೂಟ ಸಂಸತ್ತು 2001ರಲ್ಲಿ ಕಾಯಿದೆ ಮಾಡಿ ಸಿಡ್ನಿ ಹಾರ್ಬರ್ ಫೆಡರೇಷನ್ ಟ್ರಸ್ಟನ್ನು ಸ್ಥಾಪಿಸಿತು. ಖಾಸಗಿಯವರಿಗೆ ಮಾರಾಟವಾಗಬಹುದಾಗಿದ್ದ ದ್ವೀಪ ಹೀಗೆ ಜನರ ಕೈಯಲ್ಲಿ ಉಳಿಯಿತು.

ಒಂದೂವರೆ ಶತಮಾನ ಹಡಗುಗಳಿಗೆ ಬಣ್ಣ ಬಳಿದು, ಲೋಹ ಕರಗಿಸಿ, ಎಣ್ಣೆ ಚೆಲ್ಲಿದ ನೆಲ ಸುಲಭವಾಗಿ ಜನರನ್ನು ಬರಮಾಡಿಕೊಳ್ಳುವಂತಿರಲಿಲ್ಲ. ಮಣ್ಣು ವಿಷಮಯವಾಗಿತ್ತು. ಕಟ್ಟಡಗಳಲ್ಲಿ ಕಲ್ನಾರು ಇತ್ತು. ನೀರು, ವಿದ್ಯುತ್ತು, ಚರಂಡಿ, ದೋಣಿ ನಿಲ್ಲುವ ಧಕ್ಕೆ ಎಲ್ಲವನ್ನೂ ಸರಿಪಡಿಸಬೇಕಿತ್ತು. ನೋಡುಗರ ಕಣ್ಣಿಗೆ ಬೀಳದ, ಫಲಕದಲ್ಲಿ ಯಾರೂ ಬರೆಯದ ಈ ಕೆಲಸಕ್ಕೇ ಹಣವೂ ಶ್ರಮವೂ ಹೆಚ್ಚು ಬೇಕಾಗುತ್ತವೆ.

ನಮ್ಮಲ್ಲಿ ಜೀರ್ಣೋದ್ಧಾರವೆಂದರೆ ಸಾಮಾನ್ಯವಾಗಿ ಹಳೆಯ ಕಲ್ಲಿಗೆ ಹೊಸ ಬಣ್ಣ, ಹಳೆಯ ನೆಲಕ್ಕೆ ಹೊಳೆಯುವ ಗ್ರಾನೈಟ್. ಕಾಕಟೂ ದ್ವೀಪದಲ್ಲಿ ಇದಕ್ಕೆ ವಿರುದ್ಧವಾದ ಮಾರ್ಗ ಹಿಡಿದರು. ಟರ್ಬೈನ್ ಕಾರ್ಯಾಗಾರದ ಗೋಡೆಗಳ ಮಸಿಯನ್ನು ತೊಳೆದು ಬೆಳ್ಳಗೆ ಮಾಡಲಿಲ್ಲ. ಕ್ರೇನುಗಳನ್ನು ಕೆಡವಿ ಉದ್ಯಾನ ಮಾಡಲಿಲ್ಲ. ಬೀಳುವುದನ್ನು ನಿಲ್ಲಿಸಿ, ಅಪಾಯಕಾರಿಯಾದುದನ್ನು ತೆಗೆದು, ಉಳಿದದ್ದನ್ನು ಇದ್ದಂತೆಯೇ ಬಿಟ್ಟರು. ಸೆರೆಮನೆಯನ್ನು ಹಡಗುಕಟ್ಟೆಗಿಂತ ಮೇಲೆಂದೋ, ಹಡಗುಕಟ್ಟೆಯನ್ನು ಸೆರೆಮನೆಗಿಂತ ಮೇಲೆಂದೋ ಎಣಿಸದೆ ಎಲ್ಲ ಪದರಗಳನ್ನೂ ಕಾಣಗೊಟ್ಟರು. 2009ರಲ್ಲಿ ಉತ್ಖನನ ನಡೆಸಿದಾಗ ಹಳೆಯ ಅಡುಗೆಮನೆಯ ಅಡಿಯಲ್ಲಿ ಕೈದಿಗಳನ್ನು ಒಂಟಿಯಾಗಿ ಕೂಡಿಹಾಕುತ್ತಿದ್ದ ಶಿಕ್ಷಾಕೋಣೆಗಳು ಪತ್ತೆಯಾದವು. ಮುಂದಿನವರು ಹಿಂದಿನವರ ಕ್ರೌರ್ಯದ ಮೇಲೆ ಒಲೆ ಹೂಡಿ ಅನ್ನ ಬೇಯಿಸಿದ್ದರು!

ಈ ನೀತಿಗೂ ಟೀಕೆಗಳಿಲ್ಲದಿಲ್ಲ. ಗುಡ್ಡದ ಮೇಲಿನ ಹಳೆಯ ಅಧಿಕಾರಿಗಳ ಮನೆಗಳು ಈಗ ರಜೆಯ ದಿನಗಳಿಗೆ ಬಾಡಿಗೆಗೆ ಸಿಗುತ್ತವೆ. ನೀರಂಚಿನಲ್ಲಿ ಗುಡಾರಗಳಲ್ಲಿ ರಾತ್ರಿ ಕಳೆಯಬಹುದು. ಹೊಸ ವರ್ಷದ ಬಾಣಬಿರುಸು ನೋಡಲು ಅವಕ್ಕೆ ಬಹಳ ಬೇಡಿಕೆ. ಸಂಕೋಲೆಯ ನೆಲದಲ್ಲಿ ವಿಹಾರವೇ ಎಂಬ ಪ್ರಶ್ನೆ ಸಹಜ. ಆದರೆ ದ್ವೀಪವನ್ನು ಬೀಗ ಹಾಕಿಟ್ಟಿದ್ದ ದಶಕದಲ್ಲಿ ಆ ಸಂಕೋಲೆಯನ್ನು ಯಾರೂ ನೆನೆಯಲಿಲ್ಲ ಎಂಬುದೂ ನಿಜ.

ಕಲೆ ಬಂದು ಹೋದ ಬಗೆ

2005ರ ಈಸ್ಟರ್ ವೇಳೆ ನಡೆದ ಸಂಗೀತ ಮತ್ತು ಕಲೆಗಳ ಉತ್ಸವ ಈ ದ್ವೀಪ ಹೊಸ ಬಗೆಯ ಜನಸಂದಣಿಯನ್ನು ತಾಳಬಲ್ಲದೆಂದು ತೋರಿಸಿತು. 2008ರಲ್ಲಿ ‘ಸಿಡ್ನಿ ಬಿನಾಲೆ’ ಇಲ್ಲಿಗೆ ಕಾಲಿಟ್ಟಿತು. ಎರಡು ವರ್ಷಗಳಿಗೊಮ್ಮೆ ನಡೆಯುವ ಈ ಅಂತರರಾಷ್ಟ್ರೀಯ ಕಲಾಪ್ರದರ್ಶನ 1973ರಲ್ಲಿ ಆರಂಭವಾದದ್ದು. ಆವರೆಗೆ ಕಲಾಶಾಲೆಗಳ ಬಿಳಿಗೋಡೆಗಳಿಗೆ ಹೊಂದಿಕೊಂಡಿದ್ದ ಕಲಾವಿದರಿಗೆ ಇಲ್ಲಿ ಹಡಗಿನ ಟರ್ಬೈನುಗಳನ್ನು ಜೋಡಿಸುತ್ತಿದ್ದ ಎತ್ತರದ ಅಂಗಳಗಳು ದೊರೆತವು. 2010ರಲ್ಲಿ ಚೀನಾ ಮೂಲದ ತ್ಸೈ ಗುವೊ-ಚಿಯಾಂಗ್, ಕಾರೊಂದು ಸ್ಫೋಟಗೊಂಡು ಗಾಳಿಯಲ್ಲಿ ಪಲ್ಟಿ ಹೊಡೆಯುವ ಬಗೆಯನ್ನು ಕಾಣಿಸಲು ಬೆಳಕಿನ ಕಡ್ಡಿಗಳು ಚಾಚಿದ ಕಾರುಗಳ ಸಾಲನ್ನು ಈ ಅಂಗಳದಲ್ಲಿ ತೂಗುಹಾಕಿದರು. ಟನ್‌ಗಟ್ಟಲೆ ಭಾರ ಎತ್ತಲೆಂದೇ ಕಟ್ಟಿದ ಸೂರಿಗೆ ಅದು ಹೊರೆಯೆನಿಸಲಿಲ್ಲ.

2016ರಲ್ಲಿ ದೆಹಲಿಯಲ್ಲಿ ನೆಲೆಸಿರುವ ಕಲಾವಿದೆ ಭಾರತಿ ಖೇರ್ ಅವರ ‘ಆರು ಸ್ತ್ರೀಯರು’ ಇಲ್ಲಿ ಪ್ರದರ್ಶನಗೊಂಡಿತು. ಲೈಂಗಿಕ ವೃತ್ತಿಯ ಮಹಿಳೆಯರ ದೇಹಗಳಿಂದ ನೇರವಾಗಿ ಅಚ್ಚು ತೆಗೆದು ಮಾಡಿದ, ಕುಳಿತ ಭಂಗಿಯ ಪ್ಲಾಸ್ಟರ್ ಆಕೃತಿಗಳವು. ಬಾಲಕಿಯರನ್ನು ‘ಸುಧಾರಿಸಲು’ ಕೂಡಿಹಾಕಿದ್ದ ದ್ವೀಪದಲ್ಲಿ ಅವು ಸುಮ್ಮನೆ ಕುಳಿತಿದ್ದವು. ಯಾವ ವಿವರಣೆಯೂ ಬೇಕಿರಲಿಲ್ಲ.

2018ರಲ್ಲಿ ಐ ವೇಯ್‌ವೇಯ್ ಇಲ್ಲಿ ತಂದು ನಿಲ್ಲಿಸಿದ್ದು ಸುಮಾರು 60 ಮೀಟರ್ ಉದ್ದದ ರಬ್ಬರ್ ದೋಣಿ. ಗಾಳಿ ತುಂಬಿದ, ಮುಖಚಹರೆಯಿಲ್ಲದ ನೂರಾರು ಕಪ್ಪು ಆಕೃತಿಗಳು ಅದರಲ್ಲಿ ಒತ್ತೊತ್ತಾಗಿ ಕುಳಿತಿದ್ದವು. ದೋಣಿಯಲ್ಲಿ ಬಂದ ನಿರಾಶ್ರಿತರನ್ನು ನೌರು ಮತ್ತು ಮನುಸ್ ದ್ವೀಪಗಳಿಗೆ ಕಳುಹಿಸುವ ಆಸ್ಟ್ರೇಲಿಯಾದ ನೀತಿ ಆಗ ತೀವ್ರ ಚರ್ಚೆಯಲ್ಲಿತ್ತು. ಬೇಡವಾದವರನ್ನು ದ್ವೀಪದಲ್ಲಿ ಇಡುವುದು ಈ ದೇಶಕ್ಕೆ ಹೊಸತಲ್ಲವೆಂಬುದನ್ನು ಹೇಳಲು ಇದಕ್ಕಿಂತ ತಕ್ಕ ಸ್ಥಳ ಸಿಡ್ನಿಯಲ್ಲಿ ಬೇರೆ ಇರಲಿಲ್ಲ. ಅದೇ ದೋಣಿ ಬೇರೆ ದೇಶಗಳ ಕಲಾಶಾಲೆಗಳಲ್ಲಿಯೂ ಪ್ರದರ್ಶನಗೊಂಡಿದೆ. ಆದರೆ ಅಲ್ಲಿನ ಗೋಡೆಗಳಿಗೆ ಈ ನೆನಪು ಇರಲಿಲ್ಲ.

ಮೂಲನಿವಾಸಿ ಕಲಾವಿದ ಬ್ರೂಕ್ ಆಂಡ್ರ್ಯೂ ನಿರ್ದೇಶಿಸಿದ 2020ರ ಬಿನಾಲೆ ತೆರೆದ ಹತ್ತೇ ದಿನಗಳಲ್ಲಿ ಕೋವಿಡ್ ಕಾರಣದಿಂದ ಮುಚ್ಚಿ, ಮುಂದೆ ಭಾಗಶಃ ತೆರೆಯಿತು. 2022ರ ಬಿನಾಲೆ ನಗರದ ಇತರ ಸ್ಥಳಗಳಲ್ಲಿ ನಡೆಯಿತು. 2024ರಲ್ಲಿ ಅದರ ಮುಖ್ಯ ಆಕರ್ಷಣೆಯಾದದ್ದು ನವೀಕರಣಗೊಂಡು ಆಗಷ್ಟೇ ತೆರೆದಿದ್ದ ವೈಟ್ ಬೇ ಹಳೆಯ ವಿದ್ಯುತ್ ಸ್ಥಾವರ. ಅಲ್ಲಿಗೆ ದೋಣಿ ಹತ್ತಬೇಕಿಲ್ಲ, ಭಾರದ ಶಿಲ್ಪಗಳನ್ನು ತೇಲುವ ಬಾರ್ಜುಗಳಲ್ಲಿ ಸಾಗಿಸಬೇಕಿಲ್ಲ. ಕಾಕಟೂ ದ್ವೀಪ ಹಾಕಿಕೊಟ್ಟ ಮಾದರಿಯೇ ಅದಕ್ಕೆ ಪ್ರತಿಸ್ಪರ್ಧಿಯನ್ನು ಹುಟ್ಟಿಸಿತು ಎನ್ನಬಹುದು.

ಒಂದು ಮಹಾಪ್ರದರ್ಶನ ಬೇರೆಡೆಗೆ ಹೋದಾಗ ಕಲೆಯ ನಷ್ಟಕ್ಕಿಂತ ಮುಖ್ಯವಾಗುವುದು ಮಾಡಿನ ಪ್ರಶ್ನೆ. ಉಪ್ಪುಗಾಳಿಯಲ್ಲಿ ಉಕ್ಕು ನಿಲ್ಲದೆ ಸವೆಯುತ್ತದೆ. ತುಕ್ಕನ್ನು ಅಂದವಾಗಿ ಕಾಣುವಂತೆ ಉಳಿಸಬೇಕೆಂದರೆ ಅದು ಮುಂದುವರಿಯದಂತೆ ಪ್ರತಿವರ್ಷ ಖರ್ಚು ಮಾಡಬೇಕು. ಟಿಕೆಟ್ಟಿಲ್ಲದೆ ದ್ವೀಪಕ್ಕೆ ಪ್ರವೇಶ ಕೊಡುವ ಟ್ರಸ್ಟಿಗೆ ಬಾಡಿಗೆ, ಚಲನಚಿತ್ರ ಚಿತ್ರೀಕರಣ, ಸಮಾರಂಭಗಳಿಂದ ಬರುವ ಹಣ ಈ ಪ್ರಮಾಣದ ದುರಸ್ತಿಗೆ ಸಾಲದು. ಸರ್ಕಾರದ ನೆರವು ಬೇಕೇ ಬೇಕು. ದ್ವೀಪದ ಮುಂದಿನ ಸ್ವರೂಪದ ಬಗ್ಗೆ ಟ್ರಸ್ಟ್ ಇತ್ತೀಚಿನ ವರ್ಷಗಳಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿ ಯೋಜನೆ ರೂಪಿಸುತ್ತಿದೆ. ಮೂಲನಿವಾಸಿಗಳ ಚರಿತ್ರೆಗೆ ಅದರಲ್ಲಿ ಮೊದಲಿಗಿಂತ ಹೆಚ್ಚಿನ ಸ್ಥಾನವಿದೆ. ಸರ್ಕ್ಯುಲರ್ ಕೀಯಿಂದ ಹೊರಡುವ ಫೆರಿ ದೋಣಿಗಳು ಎಂದಿನಂತೆ ದ್ವೀಪದ ಧಕ್ಕೆಯಲ್ಲಿ ನಿಲ್ಲುತ್ತವೆ. ಕೈದಿಗಳು ಕೊರೆದ ಹಗೇವುಗಳನ್ನು ನೋಡಲು ಗುಡ್ಡದ ಮೆಟ್ಟಿಲು ಹತ್ತಬೇಕು.